ರಿಸ್ಟೋರ್ ಆದ 'ಎ ಟಚ್ ಆಫ್ ಝೆನ್' ದೊಡ್ಡ ಸ್ಕ್ರೀನಲ್ಲಿ ನೋಡೋಕೆ ಹೋಗ್ತಿದ್ರೆ ಇದನ್ನ ಓದ್ಕೊಂಡು ಹೋಗಿ

ಕಿಂಗ್ ಹು ಅವರ ಈ ತೈವಾನ್ ಕತ್ತಿವರಸೆ ಸಿನಿಮಾ ನಿಮ್ಮೂರ ಫಿಲ್ಮ್ ಸೊಸೈಟೀಲೋ ಫೆಸ್ಟಿವಲಲ್ಲೋ ಬಂದ್ರೆ ಬಿಡ್ಬೇಡಿ, ಆದ್ರೆ ಸ್ವಲ್ಪ ರೆಡಿಯಾಗಿ ಹೋಗಿ, ಇಲ್ಲಾಂದ್ರೆ ಮೊದಲ ಒಂದು ಗಂಟೇಲೇ ಗೊರಕೆ ಗ್ಯಾರಂಟಿ.

ಬುಕ್ ಮಾಡೋಕ್ ಮುಂಚೆ ಎಷ್ಟು ಹೊತ್ತಿನ ಸಿನಿಮಾ ಅಂತ ನೋಡಿ. ಮೂರು ಗಂಟೆ ಅಂತಿದ್ರೆ ಪೂರ್ತಿ ಇದೆ ಅಂತ. ತೈವಾನಲ್ಲಿ 1970-71ರಲ್ಲಿ ಎರಡು ಭಾಗ ಮಾಡಿ ಬಿಟ್ಟಿದ್ರು, ಆಮೇಲೆ ಸೇರಿಸಿದ್ದು 1975ರಲ್ಲಿ ಫ್ರಾನ್ಸಿನ ಕಾನ್ ಫಿಲ್ಮ್ ಫೆಸ್ಟಿವಲಲ್ಲಿ ಟೆಕ್ನಿಕಲ್ ಪ್ರೈಜ್ ತಗೊಳ್ತು. ಭಾಷೆ ಮ್ಯಾಂಡರಿನ್ ತಾನೇ, ಇಂಗ್ಲಿಷ್ ಡಬ್ ಅಲ್ವಲ್ಲ ಅಂತಾನೂ ಕೇಳ್ಕೊಳ್ಳಿ. ಈಗ ಬರೋ ರಿಸ್ಟೋರ್ ಆದ, ಅಂದ್ರೆ ಹಳೇ ಫಿಲ್ಮನ್ನ ರಿಪೇರಿ ಮಾಡಿದ, 4ಕೆ (ತುಂಬಾ ಸ್ಪಷ್ಟವಾದ ಡಿಜಿಟಲ್) ಕಾಪಿ ಮೂಲ ನೆಗೆಟಿವ್‌ನಿಂದ ಇಟಲಿಯ ಬೊಲೊನ್ಯಾದ ಲ್ಯಾಬಲ್ಲಿ ಮಾಡಿದ್ದು, ದುಡ್ಡು ಹಾಕಿದ್ದು ಹೀರೋಯಿನ್ ಷೂ ಫೆಂಗ್ ಅವರೇ! (ನಮ್ಮ 'ಘಟಶ್ರಾದ್ಧ'ನೂ ಅದೇ ಲ್ಯಾಬಲ್ಲಿ ರಿಸ್ಟೋರ್ ಆಗಿ 2024ರಲ್ಲಿ ವೆನಿಸ್ ಫಿಲ್ಮ್ ಫೆಸ್ಟಿವಲ್‌ಗೆ ಹೋಗಿತ್ತು.) ಸ್ಕ್ರೀನ್ ಮೇಲೆ ಸಣ್ಣ ಸಣ್ಣ ಚುಕ್ಕಿ ಥರ ಗ್ರೇನ್ ಕಾಣುತ್ತೆ, ಅದು ಫಿಲ್ಮಿನ ಗುಣ, ಪ್ರೊಜೆಕ್ಟರ್ ಕೆಟ್ಟಿದೆ ಅಂತ ಹೋಗಿ ಜಗಳ ಆಡ್ಬೇಡಿ.

ಈಗ ಸೀಟು, ನನ್ನ ಪ್ರಕಾರ ಅರ್ಧ ಸಿನಿಮಾ ಇಲ್ಲೇ ಇದೆ. ಸಬ್‌ಟೈಟಲ್ ಬರೋದು ಅಡೀಲಿ, ಸ್ಕ್ರೀನ್ ಅಗಲ, ಮುಂದಿನ ಸಾಲಲ್ಲಿ ಕೂತ್ರೆ ಓದೋದೋ ನೋಡೋದೋ ಅಂತ ಕತ್ತು ಮೇಲೆ ಕೆಳಗೆ ಆಡಿಸ್ತಾನೇ ಇರ್ಬೇಕು. ಹಿಂದಿನ ಅರ್ಧದಲ್ಲಿ, ಮಧ್ಯದ ಸೀಟು ಹಿಡೀರಿ, ಒಂದೇ ನೋಟಕ್ಕೆ ಎರಡೂ ಸಿಗ್ಬೇಕು. ಹಳೇ ಹಾಲಲ್ಲಿ ನೆಲ ಇಳಿಜಾರು ಇಲ್ದಿದ್ರೆ ಮುಂದೆ ಕೂತವರ ತಲೆ ಸೀದಾ ಸಬ್‌ಟೈಟಲ್‌ಗೇ ಅಡ್ಡ ಬರುತ್ತೆ, ಆಗ ಮುಂದೆ ಓಡಾಡೋ ದಾರಿ ಇರೋ ಸಾಲು ಸಿಕ್ಕಿದ್ರೆ ಅದೃಷ್ಟ.

ಜನ ಯಾರ್ಯಾರು ಅಂತ ಮೊದಲೇ ಗೊತ್ತಿದ್ರೆ ಓದೋ ಭಾರ ಕಮ್ಮಿ. ಗು ಅನ್ನೋನು ಚಿತ್ರ ಬರ್ಕೊಂಡು ಬದುಕೋ ಬಡ ಪಂಡಿತ, ಪರೀಕ್ಷೆ ಬರಿ, ಮದುವೆ ಆಗು ಅಂತ ಅಮ್ಮ ದಿನಾ ತಲೆ ತಿಂತಾಳೆ. ಪಕ್ಕದ ದೆವ್ವದ ಕೋಟೆಗೆ ಬಂದು ಸೇರ್ಕೊಳ್ಳೋ ಹುಡುಗಿ ಯಾಂಗ್. ಚಿತ್ರ ಬರೆಸ್ಕೊಳ್ಳೋಕೆ ಬರೋ ಓಯಾಂಗ್ ಅನ್ನೋನು ಚೀನಾದ ಮಿಂಗ್ ರಾಜರ ಕಾಲದ ರಹಸ್ಯ ಪೊಲೀಸು. ಇಷ್ಟು ಸಾಕು.

ಸುಮಾರು ಒಂದು ಗಂಟೆ ಫೈಟೇ ಇಲ್ಲ, ಜೇಡರಬಲೆ, ಗಾಳಿ, ಹುಲ್ಲು, ಗುಸುಗುಸು, ಅಷ್ಟೇ. ಬೇಜಾರಾಗ್ಬೇಡಿ, ಈ ಹೊತ್ತಲ್ಲಿ ಆರಾಮಾಗಿ ಸಬ್‌ಟೈಟಲ್ ಓದಿ. ಕತ್ತಿ ಹೊರಗೆ ಬಂದ್ ಮೇಲೆ ಮಾತ್ರ ಓದೋದು ಬಿಟ್ಬಿಡಿ, ಕಿಂಗ್ ಹು ಶಾಟ್‌ಗಳನ್ನ ಅಷ್ಟು ಚಿಕ್ಕದಾಗಿ ಕತ್ತರಿಸ್ತಾರೆ ಅಂದ್ರೆ ನೀವು ಕೆಳಗೆ ನೋಡಿ ತಲೆ ಎತ್ತೋದ್ರೊಳಗೆ ಯಾಂಗ್ ಮರದ ಮೇಲಿರ್ತಾಳೆ, ಹೇಗೂ ಆಗ ಯಾರೂ ಜಾಸ್ತಿ ಮಾತಾಡಲ್ಲ. ಬಿದಿರಿನ ಕಾಡು ಬಂತಾ, ಪ್ರಾಣ ಹೋದ್ರೂ ಬಾತ್‌ರೂಮಿಗೆ ಎದ್ದು ಹೋಗ್ಬೇಡಿ. ಫೆಸ್ಟಿವಲ್‌ಗಳಲ್ಲಿ ಇಂಟರ್ವಲ್ ಕೊಡೋದು ಕಮ್ಮಿ, ಅದಕ್ಕೇ ಕಾಫಿ ಒಂದು ಗಂಟೆ ಮುಂಚೇನೇ ಕುಡಿದು ಮುಗಿಸಿ.

ಕೋಟೆ ಒಳಗಿನ ರಾತ್ರಿ ಸೀನ್‌ಗಳು ಎಷ್ಟು ಕತ್ತಲು ಅಂದ್ರೆ ಲ್ಯಾಪ್‌ಟಾಪಲ್ಲಿ ನೋಡಿದ್ರೆ ಏನೂ ಕಾಣಲ್ಲ, ಥಿಯೇಟರ್‌ಗೆ ಹೋಗೋದೇ ಇದಕ್ಕೆ, ಸೋ ಫೋನ್ ಆಫ್, ಸೈಲೆಂಟ್ ಸಾಲ್ದು. ಆ ರಾತ್ರಿ ಗಲಾಟೆ ಮುಗಿದ್ ಮೇಲೆ ಸಿನಿಮಾ ಮುಗೀತು ಅಂತ ಅನ್ಸುತ್ತೆ, ಕೂತಿರಿ, ಬೌದ್ಧ ಸನ್ಯಾಸಿಯ ಭಾಗ ಇನ್ನೂ ಬಾಕಿ ಇದೆ, ಹೆಸರಲ್ಲಿರೋ ಝೆನ್ (ಬೌದ್ಧರ ಒಂದು ಧ್ಯಾನದ ಪಂಥ) ಬರೋದೇ ಅಲ್ಲಿ.

ಮೂರು ಗಂಟೆ ಒಂದೇ ಸಲಕ್ಕೆ ಕಷ್ಟ ಅನ್ನೋರು ಮೊದಲು ಇವರದ್ದೇ 1967ರ 'ಡ್ರ್ಯಾಗನ್ ಇನ್' ನೋಡಿ, ಎರಡು ಗಂಟೇನೂ ಇಲ್ಲ, ಗು ಪಾತ್ರ ಮಾಡಿರೋ ಶಿ ಚುನ್ ಅಲ್ಲೂ ಇದಾರೆ, ಹೊಡೆದಾಟಕ್ಕೆ ಅಷ್ಟು ಕಾಯಿಸಲ್ಲ.