27 ಸಾವಿರದ ಲ್ಯಾಪ್‌ಟಾಪು, ಆರು ವರ್ಷದ ಬಾಳಿಕೆ

2019ರ ದಸರಾ ಹೊತ್ತಿಗೆ ಹುಬ್ಬಳ್ಳಿಗೆ ಹೋಗಿ 27 ಸಾವಿರ ಕೊಟ್ಟು ಒಂದು ಲ್ಯಾಪ್‌ಟಾಪ್ ತಂದೆ. ಇಂಟೆಲ್ಲಿನ ಏಳನೇ ಜನರೇಷನ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಕೊಪ್ಪೀಕರ್ ರೋಡಿನ ಅಂಗಡಿಯವರು "ಒಂದ್ ಟಿಬಿ ಐತ್ರೀ ಸರ, ಜೀವಮಾನ ತುಂಬಂಗಿಲ್ಲ" ಅಂದರು. ಆ ಮಾತು ನಿಜ. ಆರು ವರ್ಷದಲ್ಲಿ 200 ಜಿಬಿ ಕೂಡ ದಾಟಿಲ್ಲ. ಆದರೆ ಆ 1 ಟಿಬಿ ಡಿಸ್ಕೇ ನಮ್ಮ ಗೋಳಿಗೆಲ್ಲ ಮೂಲ ಅಂತ ಗೊತ್ತಾಗಲಿಕ್ಕೆ ಎರಡೂವರೆ ವರ್ಷ ಬೇಕಾಯಿತು.

ನಾನು ಗದಗದವನು. ಎಪಿಎಂಸಿಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಓದಿದವನಲ್ಲ. ಹೆಸರುಕಾಳು, ಶೇಂಗಾ, ಉಳ್ಳಾಗಡ್ಡಿ ಸೀಜನ್ನಿನಲ್ಲಿ ಅಂಗಡಿಯಲ್ಲಿ ಮುಗಿಯದ ಲೆಕ್ಕ ರಾತ್ರಿ ಮನೆಗೆ ಬರುತ್ತದೆ, ಅದಕ್ಕೇ ಲ್ಯಾಪ್‌ಟಾಪ್ ತಗೊಂಡಿದ್ದು. ಆದರೆ ಮನೆಗೆ ಬಂದ ವಸ್ತು ಒಬ್ಬರದ್ದಾಗಿ ಉಳಿಯುತ್ತದೆಯೇ? ನಮ್ಮಾಕೆ ಬ್ಲೌಸ್ ಹೊಲಿಯುತ್ತಾಳೆ, ಹೊಸ ಡಿಸೈನಿನ ವಿಡಿಯೋ ಅದರಲ್ಲೇ ನೋಡುವುದು. 2020ರಲ್ಲಿ ಶಾಲೆ ಬಂದ್ ಆದ ಮೇಲೆ ಮಗಳ ಕ್ಲಾಸೂ ಅದರಲ್ಲೇ. ಓಣಿಯವರ ಅರ್ಜಿ, ಪಹಣಿ, ಮಾರ್ಕ್ಸ್ ಕಾರ್ಡಿನ ಪ್ರಿಂಟು ಎಲ್ಲ ನಮ್ಮ ಮನೆಯಲ್ಲೇ. ಪರದೆಯಂತೂ ಸ್ವಲ್ಪ ಕೆಳಗಿಂದ ನೋಡಿದರೆ ಮನುಷ್ಯರ ಮುಖ ಕಪ್ಪಗೆ ಕಾಣುವಂಥದ್ದು, ಕ್ಯಾಮೆರಾದಲ್ಲಿ ನಮ್ಮ ಮುಖ ನಮಗೇ ಗುರುತು ಸಿಗೋದಿಲ್ಲ. 27 ಸಾವಿರಕ್ಕೆ ಅಷ್ಟೇ, ಅದಕ್ಕೆ ಬೇಜಾರಿಲ್ಲ.

ಬೇಜಾರು ಇದ್ದದ್ದು ಸ್ಲೋ ಆಗೋದಕ್ಕೆ. ಒಂಬತ್ತೂವರೆಗೆ ಕ್ಲಾಸು ಅಂದರೆ ಒಂಬತ್ತಕ್ಕೇ ಆನ್ ಮಾಡಿಡಬೇಕು. ಪರದೆ ಬಂದರೂ ಐದು ನಿಮಿಷ ಏನೂ ಮುಟ್ಟುವಂತಿಲ್ಲ. ಅವಸರ ಮಾಡಿ ನಾಲ್ಕು ಸಲ ಒತ್ತಿದರೆ ಕ್ರೋಮ್ ನಾಲ್ಕು ಸಲ ತೆರೆದುಕೊಳ್ಳುತ್ತದೆ, ಅದೂ ನಾವು ಆಸೆ ಬಿಟ್ಟ ಮೇಲೆ. ಮಗಳು ಒಂದು ದಿನ ಹಾಜರಿ ತಪ್ಪಿಸಿಕೊಂಡು ಅತ್ತುಬಿಟ್ಟಳು.

ಗೊತ್ತಿದ್ದ ರಿಪೇರಿ ಅಂಗಡಿಗೆ ಒಯ್ದೆ. "ಫಾರ್ಮ್ಯಾಟ್ ಹೊಡದಬಿಡೂಣ್ರಿ ಅಣ್ಣಾರ" ಅಂದರು. 500 ರೂಪಾಯಿ. ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ಅದೇ ರಾಗ. ಮತ್ತೆ ಫಾರ್ಮ್ಯಾಟ್, ಮತ್ತೆ 500. ಎರಡನೇ ಸಲ ಇನ್ನೊಂದು ಗಮ್ಮತ್ತಾಯಿತು. ಮನೆಗೆ ತಂದು ನನ್ನ ಹಳೇ ಪತ್ರ ತೆರೆದರೆ ಒಂದೂ ಕನ್ನಡ ಅಕ್ಷರ ಇಲ್ಲ. 'ಕನ್ನಡ' ಅಂತ ಇದ್ದ ಕಡೆ ಇಂಗ್ಲಿಷಿನ ಪಿ, ತಲೆಮೇಲೆ ಗೆರೆ ಎಳೆದ ಎ, ಪೌಂಡಿನ ಗುರುತು! ಎಲ್ಲ ಹಾಳಾಯಿತು ಅಂದುಕೊಂಡು ರಾತ್ರಿ ಊಟ ಸೇರಲಿಲ್ಲ. ಏನೂ ಹಾಳಾಗಿರಲಿಲ್ಲ. ನಾನು ಟೈಪ್ ಮಾಡುತ್ತಿದ್ದದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರುತ್ತವೆ. ಫಾಂಟ್ ಇಲ್ಲದಿದ್ದರೆ ಅಡಿಯಲ್ಲಿದ್ದ ಇಂಗ್ಲಿಷ್ ಹೊರಗೆ ಕಾಣುತ್ತದೆ ಅಷ್ಟೇ. ನುಡಿ ಮತ್ತೆ ಹಾಕಿದೆ, ಪತ್ರಗಳು ಎದ್ದು ಬಂದವು. ಆಮೇಲೆ ಎರಡು ಭಾನುವಾರ ಕೂತು ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಕ್ಕೂ ಅರ್ಥವಾಗುವ ಅಕ್ಷರ ಪದ್ಧತಿಗೆ, ಬದಲಾಯಿಸಿದೆ. ಈಗ ಮೊಬೈಲಿನಲ್ಲೂ ತೆರೆಯುತ್ತವೆ. ನಿಮ್ಮ ಹತ್ತಿರ ಹಳೇ ನುಡಿ ಫೈಲು ಇದ್ದರೆ ಇವತ್ತೇ ಬದಲಾಯಿಸಿಕೊಳ್ಳಿ, ಸುಮ್ನೆ ಮುಂದೂಡಬೇಡಿ.

ಮೂರನೇ ಸಲ ಸ್ಲೋ ಆದಾಗ ಅಂಗಡಿಗೆ ಹೋಗಲಿಲ್ಲ. "ಇದನ್ನ ಮಾರಿ ಹೊಸಾದ ತಗೋರಿ" ಅಂತ ಅವರು ಆಗಲೇ ಹೇಳಿಯಾಗಿತ್ತು. ಹೊಸದಕ್ಕೆ ದುಡ್ಡು ಎಲ್ಲಿಂದ ತರಲಿ? ನಮ್ಮ ಅಡತಿ ಅಂಗಡಿ ಮಾಲೀಕರ ಅಳಿಯ ಒಬ್ಬ ಬೆಂಗಳೂರಿನಲ್ಲಿ ಕೆಲಸ ಮಾಡುವವನು ಫೋನಿನಲ್ಲಿ ಒಂದೇ ಮಾತು ಕೇಳಿದ. "ಕಾಕಾ, ಸ್ಲೋ ಆಗೇತಿ ಅಂತೀರಲ್ಲ, ಎಲ್ಲಿ ಸ್ಲೋ ಆಗೇತಿ?" ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ನೋಡ್ರಿ ಅಂದ. ಯಾವ ಭಾಗ ಶೇಕಡಾ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯಿತು. ಸಿಪಿಯು ಕಾಲಮ್ಮಿನಲ್ಲಿ 9. ಮೆಮೊರಿ 78. ಡಿಸ್ಕ್ ಅಂತ ಇದ್ದ ಕಾಲಮ್ಮು ಮಾತ್ರ ಕೆಂಪಗೆ, 100. ಹತ್ತು ನಿಮಿಷ ನೋಡಿದೆ, 100 ಇಳಿಯಲೇ ಇಲ್ಲ. ತಮಾಷೆ ಅಂದರೆ ಅದು ಓದುತ್ತಿದ್ದದ್ದು ಸೆಕೆಂಡಿಗೆ ಒಂದೂವರೆ ಎಂಬಿ!

ಆ ಹುಡುಗ ಬಿಡಿಸಿ ಹೇಳಿದ್ದನ್ನು ನಾನು ನಮ್ಮ ಅಂಗಡಿ ಲೆಕ್ಕದಲ್ಲಿ ಹೀಗೆ ಅರ್ಥ ಮಾಡಿಕೊಂಡೆ. ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ತಿರುಗುತ್ತದೆ, ಅದರ ಮೇಲೆ ಒಂದು ಕಡ್ಡಿ ಆಚೆ ಈಚೆ ಓಡಾಡಿ ಬೇಕಾದ ತುಣುಕು ಹುಡುಕುತ್ತದೆ. ನಮ್ಮದು ನಿಮಿಷಕ್ಕೆ 5400 ಸುತ್ತಿನದು, ಅಂದರೆ ಸೆಕೆಂಡಿಗೆ 90 ಸುತ್ತು. ಒಂದೇ ಕಡೆ ಇರುವ ದೊಡ್ಡ ಸಿನಿಮಾ ಫೈಲಾದರೆ ಸರಸರ ಓದುತ್ತದೆ. ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಣ್ಣ ತುಣುಕು ಹುಡುಕಬೇಕಾದರೆ ಸೆಕೆಂಡಿಗೆ ನೂರು ಕೂಡ ಸಿಗೋದಿಲ್ಲ. ವಿಂಡೋಸ್ ಶುರುವಾಗುವಾಗ ಬೇಕಾಗುವುದೆಲ್ಲ ಇಂಥ ತುಣುಕುಗಳೇ, ಸಾವಿರಗಟ್ಟಲೆ. ಹತ್ತು ಜನ ರೈತರು ಒಮ್ಮೆಲೇ ಬಂದು ನನ್ನ ಪಟ್ಟಿ ಕೊಡ್ರಿ, ನನ್ನ ಪಟ್ಟಿ ಕೊಡ್ರಿ ಅಂದಾಗ ಒಬ್ಬನೇ ಗುಮಾಸ್ತ ಹತ್ತು ಖಾತೆ ಪುಸ್ತಕದ ನಡುವೆ ಓಡಾಡಿದ ಹಾಗೆ. ಅವನು ಸೋಮಾರಿಯಲ್ಲ, ಓಡಾಟದಲ್ಲೇ ಹೊತ್ತು ಹೋಗುತ್ತದೆ. ಅದರ ಮೇಲೆ, ನಡೆಯುತ್ತಿರುವ ಕೆಲಸ ಇಟ್ಟುಕೊಳ್ಳುವ 4 ಜಿಬಿ ರ್‍ಯಾಮ್ ತುಂಬಿದರೆ ವಿಂಡೋಸ್ ಉಳಿದದ್ದನ್ನು ತಂದು ಇದೇ ಡಿಸ್ಕಿನ ಮೇಲೆ ಇಳಿಸುತ್ತದೆ. ಹನ್ನೊಂದನೇ ರೈತ ಬಂದ ಹಾಗಾಯಿತು. ಫಾರ್ಮ್ಯಾಟ್ ಹೊಡೆದರೆ ಗಿರಾಕಿ ಕಡಿಮೆ ಆಗುತ್ತಾರೆ, ಗುಮಾಸ್ತ ಅವನೇ ಅಲ್ವಾ?

2022ರ ಬೇಸಿಗೆ. ಬೆಳಿಗ್ಗೆ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ತಿರುಗುವ ತಟ್ಟೆಯೇ ಇಲ್ಲದೆ ಚಿಪ್ಪಿನಲ್ಲೇ ಎಲ್ಲ ಇಟ್ಟುಕೊಳ್ಳುವ 240 ಜಿಬಿಯ ಎಸ್‌ಎಸ್‌ಡಿ ಒಂದು, 4 ಜಿಬಿ ರ್‍ಯಾಮ್ ಒಂದು ತಂದೆ. ಎರಡೂ ಸೇರಿ 3,600 ರೂಪಾಯಿ. ಹೋಗುವ ಮೊದಲು ಟಾಸ್ಕ್ ಮ್ಯಾನೇಜರಿನಲ್ಲೇ ಪರ್ಫಾರ್ಮೆನ್ಸ್ ಅಂತ ಇರುವಲ್ಲಿ ಮೆಮೊರಿ ಒತ್ತಿ ನೋಡಿದ್ದೆ, ಎರಡು ಸ್ಲಾಟಿನಲ್ಲಿ ಒಂದು ಖಾಲಿ ಅಂತ ಇತ್ತು. ಇದನ್ನು ನೋಡದೆ ಹೋಗಬೇಡಿ. ಕೆಲವು ಕಡಿಮೆ ಬೆಲೆಯ ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತಾರೆ, ಇನ್ನೂ ಅಗ್ಗದ್ದರಲ್ಲಿ ಸ್ಟೋರೇಜೂ ಬೆಸೆದದ್ದೇ. ಆಗ ಏನೂ ಮಾಡಲಿಕ್ಕಾಗಲ್ಲ. ಅಂಗಡಿಯಲ್ಲಿ 2666 ವೇಗದ ರ್‍ಯಾಮ್ ಕೊಟ್ಟರು, ನಮ್ಮ ಪ್ರೊಸೆಸರ್ ತಡೆಯುವುದು 2133. ನಡೆಯುತ್ತದೆ, ಅದು ತಾನೇ ಇಳಿದುಕೊಂಡು 2133ರಲ್ಲೇ ಓಡುತ್ತದೆ.

ಬಿಚ್ಚುವ ಕೆಲಸ ನಾನೇ ಮಾಡಿದೆ. ಕಟ್ಟೆ ಮೇಲೆ ಬೆಳಕಿಗೆ ಕೂತೆ. ಹಳೇ ಕ್ಯಾಲೆಂಡರಿನ ಹಿಂಬದಿ ಲ್ಯಾಪ್‌ಟಾಪಿನ ಚಿತ್ರ ಬರೆದು, ಒಂದೊಂದು ಸ್ಕ್ರೂ ಬಿಚ್ಚಿದ ಹಾಗೆ ಚಿತ್ರದಲ್ಲಿ ಅದೇ ಜಾಗಕ್ಕೆ ಚುಚ್ಚಿ ನಿಲ್ಲಿಸಿದೆ. ಯಾಕೆಂದರೆ ಎಲ್ಲ ಸ್ಕ್ರೂ ಒಂದೇ ಉದ್ದ ಇರೋದಿಲ್ಲ, ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿ ಬಿಗಿ ಮಾಡಿದರೆ ಆ ಕಡೆ ತೂತು ಬೀಳುತ್ತದೆ. ಹನ್ನೊಂದು ಬಿಚ್ಚಿದೆ. ಮುಚ್ಚಳ ಏಳಲೊಲ್ಲದು. ಹಳೇ ಎಟಿಎಂ ಕಾರ್ಡು ಸಂದಿಗೆ ತೂರಿಸಿ ಎತ್ತಿದೆ, ಟಪ್ ಅಂತ ಒಂದು ಸದ್ದು. ಕ್ಲಿಪ್ ಮುರಿಯಿತು. ನಮ್ಮಾಕೆ ಹೊಲಿಗೆ ನಿಲ್ಲಿಸಿ ನೋಡಿದಳು, ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ. ಆಮೇಲೆ ಗೊತ್ತಾಯಿತು, ಅಡಿಯ ರಬ್ಬರ್ ಪಟ್ಟಿ ಕೆಳಗೆ ಎರಡು ಸ್ಕ್ರೂ ಅಡಗಿದ್ದವು. ಡಿವಿಡಿ ಡ್ರೈವನ್ನು ಪೂರ್ತಿ ಹೊರಗೆ ಎಳೆದರೆ ಆ ಖಾಲಿ ಜಾಗದ ಅಂಚಿನಲ್ಲಿ ಇನ್ನೂ ಮೂರು, ಅಕ್ಕಿಕಾಳಿನಷ್ಟು ಸಣ್ಣವು. ಅವು ಬಿಚ್ಚಿದ ಮೇಲೆ ಮುಚ್ಚಳ ತಾನೇ ಬಂತು.

ಒಳಗೆ ನೋಡಿದರೆ ಫ್ಯಾನಿನ ಬಾಯಿಗೆ ಧೂಳು ಗಟ್ಟಿಯಾಗಿ ಕಂಬಳಿ ತುಂಡಿನ ಹಾಗೆ ಕೂತಿದೆ. ಹತ್ತಿಯ ಎಳೆ, ಬಣ್ಣದ ದಾರದ ಚೂರು, ಎಲ್ಲ ನಮ್ಮನೆಯ ಹೊಲಿಗೆಯದ್ದೇ. ಮಗಳು ಲ್ಯಾಪ್‌ಟಾಪನ್ನು ಕೌದಿ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. ಗಾಳಿ ಎಳೆಯುವ ತೂತು ಇರುವುದು ಅಡಿಯಲ್ಲಿ, ಕೌದಿ ಅದನ್ನು ಮುಚ್ಚುತ್ತದೆ. ಅಂದಿನಿಂದ ರೊಟ್ಟಿ ಬಡಿಯುವ ಹಳೇ ಹಲಗೆಯೊಂದು ಲ್ಯಾಪ್‌ಟಾಪಿನ ಕೆಳಗೆ ಸೇರಿಕೊಂಡಿದೆ. ಮೊದಲು ಬ್ಯಾಟರಿಯ ವೈರ್ ಬಿಡಿಸಿದೆ, ಪೇಂಟ್ ಬ್ರಷ್ಷಿನಿಂದ ಧೂಳು ತೆಗೆದೆ, ಹಳೇ ಡಿಸ್ಕ್ ತೆಗೆದು ಅದೇ ಚೌಕಟ್ಟಿಗೆ ಎಸ್‌ಎಸ್‌ಡಿ ಕೂರಿಸಿದೆ. ಎರಡೂ ಎರಡೂವರೆ ಇಂಚಿನವೇ, ಅಳತೆ ಕೂಡಿ ಬಂತು. ರ್‍ಯಾಮ್ ಓರೆಯಾಗಿ ತೂರಿಸಿ ಒತ್ತಿದರೆ ಕಟಕ್ ಅಂತ ಕೂರುತ್ತದೆ. ಇಷ್ಟಕ್ಕೆ ಇಪ್ಪತ್ತು ನಿಮಿಷ, ಮುಚ್ಚಳ ಬಿಚ್ಚಲಿಕ್ಕೇ ಎರಡು ತಾಸು.

ವಿಂಡೋಸ್ ಹೊಸದಾಗಿ ಹಾಕಿದೆ, 8 ಜಿಬಿ ಪೆನ್‌ಡ್ರೈವಿನಿಂದ. ಇಲ್ಲಿ ಒಂದು ವಿಷಯ. ಫಾರ್ಮ್ಯಾಟ್ ಹೊಡೆದವರು ಕಳ್ಳ ಕಾಪಿ ಹಾಕಿ ಕಳಿಸಿದ್ದರು. ನಾನು ದುಡ್ಡು ಕೊಟ್ಟು ಕೊಂಡ ಅಸಲಿ ವಿಂಡೋಸಿನ ಕೀ ಮದರ್‌ಬೋರ್ಡಿನಲ್ಲೇ ಇತ್ತು! ಲ್ಯಾಪ್‌ಟಾಪ್ ಜೊತೆಗೆ ಬಂದ ಅದೇ ಹೋಮ್ ಆವೃತ್ತಿ ಹಾಕಿ ನೆಟ್ ಕೊಟ್ಟ ಕೂಡಲೇ ತಾನೇ ಆ್ಯಕ್ಟಿವೇಟ್ ಆಯಿತು. ಆನ್ ಮಾಡಿದರೆ ಇಪ್ಪತ್ತು ಸೆಕೆಂಡಿನಲ್ಲಿ ಕೆಲಸಕ್ಕೆ ಸಿದ್ಧ. ಮಗಳು ಎರಡು ಸಲ ಆಫ್ ಮಾಡಿ ಆನ್ ಮಾಡಿ ನೋಡಿದಳು, ಸುಮ್ನೆ ಖುಷಿಗೆ. ಹಳೇ ಡಿಸ್ಕಿಗೆ 250 ರೂಪಾಯಿಯ ಒಂದು ಕೇಸ್ ಹಾಕಿ ಫೋಟೋ, ಲೆಕ್ಕ ಎಲ್ಲ ಅದರಲ್ಲಿ ಇನ್ನೊಂದು ಪ್ರತಿ ಇಟ್ಟಿದ್ದೇನೆ. ಆ ಕೆಲಸಕ್ಕೆ ಗುಮಾಸ್ತ ಈಗಲೂ ಗಟ್ಟಿ.

ಮುಂದೆ ಏನು ಕೆಟ್ಟರೂ ಮೊದಲು ಎಲ್ಲಿ ಅಂತ ಕೇಳುವ ಚಟ ಹತ್ತಿತು. 2023ರಲ್ಲಿ ಚಾರ್ಜರ್ ಹೋಯಿತು, ಅಗ್ಗದ್ದು ಒಂದು ತಂದೆ. ಚಾರ್ಜಿಗೆ ಹಾಕಿದಾಗಲೆಲ್ಲ ಟಚ್‌ಪ್ಯಾಡಿನ ಬಾಣ ಹುಚ್ಚು ಕುದುರೆ ಹಾಗೆ ಜಿಗಿಯುತ್ತಿತ್ತು. ಯುಎಸ್‌ಬಿಯ ತಗಡಿಗೆ ಬೆರಳು ತಾಗಿದರೆ ಇರುವೆ ಹರಿದ ಹಾಗೆ ಜುಮ್ಮೆನ್ನುತ್ತಿತ್ತು. ಟಚ್‌ಪ್ಯಾಡ್ ಬದಲಾಯಿಸಬೇಕು, 1,800 ಅಂದರು ಒಬ್ಬರು. ನಾನು ಲ್ಯಾಪ್‌ಟಾಪನ್ನು ನಮ್ಮ ಅಡತಿ ಅಂಗಡಿಗೆ ಒಯ್ದು ಅಲ್ಲಿಯ ಪ್ಲಗ್ಗಿಗೆ ಹಾಕಿದೆ. ಜುಮ್ಮೂ ಇಲ್ಲ, ಜಿಗಿತವೂ ಬಹಳ ಕಡಿಮೆ. ಅಂದರೆ ಜಾಸ್ತಿ ತಪ್ಪು ನಮ್ಮ ಮನೆಯ ಗೋಡೆಯದ್ದು! ಹಳೇ ಮನೆ, ಮೂರು ತೂತಿನ ಪ್ಲಗ್ ಇದೆ, ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಲ್ಲಿ ಕುಣಿ ತೋಡಿಸಿ, ಉಪ್ಪು ಇದ್ದಲು ತುಂಬಿ ಅರ್ಥಿಂಗ್ ಮಾಡಿಸಿದೆವು. ಫ್ರಿಜ್ಜಿನ ಬಾಗಿಲು ಜುಮ್ಮೆನ್ನುವುದೂ ನಿಂತಿತು. ಚಾರ್ಜರನ್ನೂ ಬದಲಾಯಿಸಿದೆ. ಮೊದಲು ಜೊತೆಗೇ ಬಂದ ಹಳೆಯದರ ಮೇಲೆ 19.5 ವೋಲ್ಟ್, 2.31 ಆಂಪಿಯರ್ ಅಂತ ಇತ್ತು. ವೋಲ್ಟ್ ಅಷ್ಟೇ ಇರಬೇಕು, ಪಿನ್ನೂ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು.

ಬ್ಯಾಟರಿ ಕಥೆ ಚಿಕ್ಕದು. ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಒಂದು ಓರೆಗೆರೆ, ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಅದರ ಜಾತಕ ಬರುತ್ತದೆ. ಹಿಡಿಯುವ ಶಕ್ತಿ ಹುಟ್ಟಿದಾಗ 41 ಸಾವಿರ ಮಿಲಿವ್ಯಾಟ್-ಅವರ್, ಈಗ 16 ಸಾವಿರ. ಕರೆಂಟ್ ಹೋದರೆ ಅರ್ಧ ತಾಸು, ಲೆಕ್ಕ ಸೇವ್ ಮಾಡಲಿಕ್ಕೆ ಸಾಕು. ಬದಲಾಯಿಸಿಲ್ಲ.

ಈಗಿನ ತಲೆನೋವು ಬೇರೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್ ಚಿಪ್ಪಿನಲ್ಲಿ ಹೆಚ್ಚುಕಡಿಮೆ ಎಂಟನೇ ಜನರೇಷನ್ನಿನಿಂದ ಮೇಲಿನವಕ್ಕೆ ಮಾತ್ರ. ನಮ್ಮದು ಏಳು. ಒಂದೇ ನಂಬರಿನಲ್ಲಿ ಫೇಲು. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುವ ಯೋಜನೆಗೆ ಸೇರಿಸಿದ್ದೇನೆ, ಜೊತೆಗೆ ಪಕ್ಕದಲ್ಲಿ ವಿಂಡೋಸಿನ ಬದಲಿಗೆ ಓಡುವ, ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ಮಿಂಟ್ ಹಾಕಿ ನೋಡುತ್ತಿದ್ದೇನೆ. ಕನ್ನಡ ಟೈಪಿಂಗಿಗೆ ನುಡಿಯ ಕೆಜಿಪಿ ಕೀಲಿಮಣೆಯೇ ಅದರಲ್ಲೂ ಸಿಕ್ಕಿತು, ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಪ್ರಿಂಟರ್ ಕೇಳದೆಯೇ ನಡೆಯಿತು. ಆದರೆ ಅಂಗಡಿ ಲೆಕ್ಕದ ಟ್ಯಾಲಿ ವಿಂಡೋಸಿಗೇ ಮಾಡಿದ್ದು. ಹಾಗಾಗಿ ನಾನು ಅರ್ಧ ಅಲ್ಲಿ, ಅರ್ಧ ಇಲ್ಲಿ.

ಮಗಳು ಈಗ ಧಾರವಾಡದಲ್ಲಿ ಪಿಯುಸಿ. ರಜೆಗೆ ಬಂದಾಗ ಪರದೆಯನ್ನು ಒಂದು ಮೂಲೆ ಹಿಡಿದು ಎತ್ತುತ್ತಾಳೆ, ನಡುವೆ ಹಿಡಿದು ಎತ್ತವ್ವಾ ಅಂತ ಎಷ್ಟು ಹೇಳಿದರೂ ಅಷ್ಟೇ. ಹೋದ ವಾರದಿಂದ ಎಡಗಡೆಯ ಹಿಂಜ್ ತೆರೆಯುವಾಗ ಕರ್ ಅನ್ನುತ್ತಿದೆ, ಪ್ಲಾಸ್ಟಿಕ್ ಬಾಯಿ ಬಿಟ್ಟಿದೆ. ಒಳಗೆ ಸ್ಕ್ರೂ ಹಿಡಿಯುವ ಗುಬ್ಬಿ ಒಡೆದಿರಬೇಕು. ಎಂ-ಸೀಲ್ ತಂದಿಟ್ಟಿದ್ದೇನೆ, ಭಾನುವಾರ ಬಿಚ್ಚಬೇಕು. ಈ ಸಲ ಮೊದಲು ಡಿವಿಡಿ ಡ್ರೈವ್.