ಸ್ಲೋ ಕುಕ್ಕರ್‌ನಲ್ಲಿ ಹಣ್ಣಿನ ಡಂಪ್ಲಿಂಗ್: ಕೆಡೋದೆಲ್ಲ ಕೊನೇ ಒಂದು ಗಂಟೇಲಿ

ಮೇಲೆ ಜಿಗುಟು, ಒಳಗೆ ಹಸಿಹಿಟ್ಟು, ಕೆಳಗೆ ನೀರು ನೀರಾದ ಹಣ್ಣು. ಸ್ಲೋ ಕುಕ್ಕರ್ (ಗಂಟೆಗಟ್ಟಲೆ ನಿಧಾನವಾಗಿ ಬೇಯಿಸೋ ಕರೆಂಟ್ ಪಾತ್ರೆ) ಡಂಪ್ಲಿಂಗ್ (ಕುದಿಯೋ ಹಣ್ಣಿನ ಮೇಲೆ ಆವೀಲಿ ಬೇಯಿಸೋ ಹಿಟ್ಟಿನ ಗುಡ್ಡೆ) ಅಂತ ನನ್ನ ಮುಂದೆ ಬಂದ ಬಟ್ಟಲುಗಳಲ್ಲಿ ಮುಕ್ಕಾಲು ಪಾಲು ಹಿಂಗೇ ಇರುತ್ತೆ, ಮಾಡಿದವರು ಪಾಪ ರೆಸಿಪಿನ ಬೈತಾರೆ. ತಪ್ಪು ರೆಸಿಪೀದಲ್ಲ, ಮುಚ್ಚಳದ್ದು. ಹಣ್ಣು ಬೇಯಿಸೋದು ಯಾರಿಗಾದ್ರೂ ಬರುತ್ತೆ, ಅದನ್ನ ಬೇಗ ಹೇಳಿ ಮುಗಿಸ್ತೀನಿ.

ನಾಲ್ಕು ಲೀಟರ್ ಕುಕ್ಕರ್‌ಗೆ ಒಂದು ಕೆಜಿ ಹಣ್ಣು ಸಾಕು. ಗಟ್ಟಿಯಾಗಿ ಸ್ವಲ್ಪ ಹುಳಿ ಇರೋ ಸೇಬು ಬೆಸ್ಟ್, ಪೇರ್, ಪೀಚ್, ಪ್ಲಮ್ ಕೂಡ ಆಗುತ್ತೆ, ಬಾಳೆಹಣ್ಣು ಮಾತ್ರ ಬೇಡ, ಪೇಸ್ಟ್ ಆಗಿಹೋಗುತ್ತೆ. ಸೇಬನ್ನ ಎರಡು ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ತೆಳುವಾಗಿ ಹೆಚ್ಚಿದ್ರೆ ಸಾಸ್ ಆಗಿಬಿಡುತ್ತೆ. ಅದಕ್ಕೆ 120 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು, ಒಂದು ಚಮಚ ದಾಲ್ಚಿನ್ನಿ ಪುಡಿ. ಸೇಬು, ಪೇರ್ ಆದ್ರೆ ಅರ್ಧ ಕಪ್ ನೀರು ಹಾಕಿ, ಪ್ಲಮ್, ಪೀಚ್, ಬೆರಿಗಳಿಗೆ ಬೇಡ, ಅವೇ ನೀರು ಬಿಡ್ತವೆ. ಫ್ರೋಜನ್ ಹಣ್ಣಾದ್ರೆ ಮೊದಲು ಕರಗಿಸಿಕೊಳ್ಳಿ. ಕುಕ್ಕರ್‌ನ ಹೈ ಸೆಟ್ಟಿಂಗ್‌ನಲ್ಲಿ ಇಟ್ಟು ಸೇಬಿಗೆ ಸುಮಾರು ಎರಡು ಗಂಟೆ, ಮೆತ್ತಗಿನ ಹಣ್ಣಿಗೆ ಒಂದು, ಒಂದೂವರೆ ಗಂಟೆ.

ಸ್ಲೋ ಕುಕ್ಕರ್‌ನಲ್ಲಿ ಆವಿ ಹೊರಗೆ ಹೋಗಲ್ಲ, ಹಾಗಾಗಿ ರಸ ಬತ್ತಿ ತಾನಾಗೇ ಗಟ್ಟಿಯಾಗುತ್ತೆ ಅಂತ ಕಾಯಬೇಡಿ. ಒಂದು ಟೇಬಲ್‌ಸ್ಪೂನ್ ಕಾರ್ನ್‌ಫ್ಲೋರ್‌ನ ಎರಡು ಸ್ಪೂನ್ ತಣ್ಣೀರಲ್ಲಿ ಕದಡಿ ಹಾಕ್ಬೇಕು, ಆದ್ರೆ ಶುರುವಲ್ಲೇ ಅಲ್ಲ, ಹುಳಿ ಜೊತೆ ಗಂಟೆಗಟ್ಟಲೆ ಬೆಂದ್ರೆ ಅದರ ಹಿಡಿತ ಸಡಿಲ ಆಗುತ್ತೆ. ಹಣ್ಣು ಮೆತ್ತಗಾದ ಮೇಲೆ ಹಾಕಿ, ಒಂದ್ಸಲ ತಿರುಗಿಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ನಿಮಗೆ ಬೇಕಾದ್ದಕ್ಕಿಂತ ಒಂಚೂರು ತೆಳುವೇ ಇರಲಿ, ಡಂಪ್ಲಿಂಗ್ ರಸ ಕುಡಿಯುತ್ತೆ.

ಈ ಅರ್ಧ ಗಂಟೇಲಿ ಹಿಟ್ಟಿನ ತಯಾರಿ. 150 ಗ್ರಾಂ ಮೈದಾ, ಎರಡು ಟೀಸ್ಪೂನ್ ಬೇಕಿಂಗ್ ಪೌಡರ್, ಎರಡು ಟೇಬಲ್‌ಸ್ಪೂನ್ ಸಕ್ಕರೆ, ಕಾಲು ಟೀಸ್ಪೂನ್ ಉಪ್ಪು. ಡಬ್ಬಿ ಮೂಲೇಲಿ ಯಾವ ಕಾಲದಿಂದಲೋ ಕೂತಿರೋ ಬೇಕಿಂಗ್ ಪೌಡರ್ ಆದ್ರೆ ಅರ್ಧ ಚಮಚನ ಬಿಸಿನೀರಿಗೆ ಹಾಕಿ ನೋಡಿ, ಬುರಬುರ ನೊರೆ ಬರ್ಲಿಲ್ವಾ, ಎಸೀರಿ. ಅದರ ಬದಲು ಅಡುಗೆ ಸೋಡಾ ಹಾಕ್ತೀನಿ ಅನ್ನೋರಿಗೆ ಒಂದು ಮಾತು: ಹಿಟ್ಟಲ್ಲಿ ಹುಳಿ ಇಲ್ದೆ ಸೋಡಾ ಸರಿಯಾಗಿ ಉಬ್ಬಿಸಲ್ಲ, ಸೋಪಿನ ರುಚಿ ಬಿಡುತ್ತೆ, ಬ್ಲೂಬೆರಿ ಇದ್ರಂತೂ ಹಿಟ್ಟು ಹಸಿರು ಹಸಿರಾಗಿ ಕಾಣುತ್ತೆ.

50 ಗ್ರಾಂ ತಣ್ಣನೆ ಬೆಣ್ಣೆನ ಹಿಟ್ಟಿಗೆ ಹಾಕಿ ಬೆರಳ ತುದೀಲಿ ಉಜ್ಜಿ, ಪುಡಿಪುಡಿ ಆಗ್ಲಿ, ಅಲ್ಲಲ್ಲಿ ಬಟಾಣಿಯಷ್ಟು ಬೆಣ್ಣೆ ತುಂಡು ಉಳಿದ್ರೂ ಪರ್ವಾಗಿಲ್ಲ. ಇಲ್ಲಿಗೆ ನಿಲ್ಲಿಸಿ. ಹಾಲು ಈಗ್ಲೇ ಹಾಕಬೇಡಿ! ಒದ್ದೆ ಆದ ಕ್ಷಣದಿಂದ ಬೇಕಿಂಗ್ ಪೌಡರ್ ಗ್ಯಾಸ್ ಬಿಡೋಕೆ ಶುರು ಮಾಡುತ್ತೆ, ಹಿಟ್ಟು ಕಲಸಿಟ್ಟು ಫೋನ್ ನೋಡ್ತಾ ಕೂತ್ರೆ ಉಬ್ಬೋ ಶಕ್ತಿ ಅರ್ಧ ಬಟ್ಟಲಲ್ಲೇ ಖರ್ಚು.

ಈಗ ಕುಕ್ಕರ್ ನೋಡಿ. ಪಾತ್ರೆಯ ಅಂಚಲ್ಲಿ ರಸ ಗುಳುಗುಳು ಅಂತ ಕುದೀತಿರಬೇಕು. ಬರೀ ಬಿಸಿಯಾಗಿದ್ರೆ ಸಾಲ್ದು, ಯಾಕಂದ್ರೆ ಡಂಪ್ಲಿಂಗ್ ಅಡಿಭಾಗ ಬೇಯೋದು ಆ ಕುದಿಯಿಂದ, ಬೆಚ್ಚಗಿನ ರಸದ ಮೇಲೆ ಹಾಕಿದ್ರೆ ಹಿಟ್ಟು ನೆನೆದು ಕರಗಿ ಅಂಟಾಗುತ್ತೆ, ಆಮೇಲೆ ಎಷ್ಟು ಹೊತ್ತು ಬೇಯಿಸಿದ್ರೂ ಸರಿಹೋಗಲ್ಲ. ಕುದಿ ಕಂಡ ಮೇಲೆ ಹಿಟ್ಟಿಗೆ 100 ಎಂಎಲ್ ಹಾಲು ಹಾಕಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕಲಸಿ, ತೀರಾ ಬಿಗಿ ಇದ್ರೆ ಇನ್ನೊಂದೆರಡು ಸ್ಪೂನ್. ಗಂಟು ಗಂಟಾಗಿ ಒರಟಾಗಿ ಇರಲಿ, ನಾದಬೇಡಿ, ನಾದಿದಷ್ಟೂ ರಬ್ಬರ್.

ಸ್ಪೂನಲ್ಲಿ ಎಂಟು ಗುಡ್ಡೆ ಮಾಡಿ ಹಣ್ಣಿನ ಮೇಲೆ ಕೂರಿಸಿ, ರಸದೊಳಗೆ ಒತ್ತಬೇಡಿ, ನಡುವೆ ಜಾಗ ಬಿಡಿ, ಚೆನ್ನಾಗಿ ಉಬ್ಬುತ್ತೆ. ಮೇಲೆ ದಾಲ್ಚಿನ್ನಿ ಬೆರೆಸಿದ ಸಕ್ಕರೆ ಉದುರಿಸಿ, ಬಣ್ಣ ಬರೋದು ಅದರಿಂದಾನೇ. ಆವಿಯಲ್ಲಿ ಬೇಯೋ ಹಿಟ್ಟು ಕೆಂಪಗಾಗಲ್ಲ, ಕೆಂಪಗಾಗ್ಲಿ ಅಂತ ಎರಡು ಗಂಟೆ ಇಟ್ರೂ ಆಗಲ್ಲ.

ಇನ್ನು ಮುಚ್ಚಳ. ಆವಿ ಮೇಲೇರಿ ಮುಚ್ಚಳಕ್ಕೆ ತಾಗಿ ನೀರಾಗಿ ವಾಪಸ್ ಬೀಳೋ ಹಾಗೇ ಈ ಕುಕ್ಕರ್ ಮಾಡಿರ್ತಾರೆ, ಬೇರೆ ಅಡುಗೆಗೆ ಅದು ಒಳ್ಳೇದು, ಡಂಪ್ಲಿಂಗ್ ತಲೆ ಮೇಲೆ ತೊಟ್ಟಿಕ್ಕಿದ್ರೆ ಮಾತ್ರ ಮೇಲ್ಮೈ ಲೋಳೆ ಲೋಳೆ. ಅದಕ್ಕೇ ಒಗೆದ ತೆಳು ಕಾಟನ್ ಟವೆಲ್‌ನ ಪಾತ್ರೆ ಬಾಯಿಗೆ ಬಿಗಿಯಾಗಿ ಹರಡಿ, ಅದರ ಮೇಲೆ ಮುಚ್ಚಳ ಇಟ್ಟು, ನಾಲ್ಕು ಮೂಲೆನೂ ಮೇಲಕ್ಕೆ ಮಡಚಿ ಹಿಡಿ ಮೇಲೆ ಗಂಟು ಹಾಕಿ, ಬಿಸಿ ಬಾಡಿ ಪಕ್ಕ ಬಟ್ಟೆ ಜೋತಾಡಬಾರದು. ಮಧ್ಯದಲ್ಲಿ ಇಳಿಬಿದ್ದು ಹಿಟ್ಟಿಗೆ ತಾಗದ ಹಾಗೂ ನೋಡ್ಕೊಳ್ಳಿ. ಟವೆಲ್ ಬೇಡ ಅಂದ್ರೆ ಟಿಶ್ಯೂ ಟವೆಲ್ ಎರಡು ಮೂರು ಪದರ, ಆದ್ರೆ ಅಗ್ಗದ್ದು ಒದ್ದೆಯಾಗಿ ಹರಿದು ಹಿಟ್ಟಿಗೇ ಅಂಟ್ಕೊಳುತ್ತೆ, ನಾನು ಬಟ್ಟೇನೇ ಅಂತೀನಿ.

ಹೈನಲ್ಲೇ 45 ನಿಮಿಷಕ್ಕೆ ಟೈಮರ್ ಇಡಿ, ಅಲ್ಲೀ ತನಕ ತೆಗೀಬೇಡಿ. ಸುಮ್ನೆ ಒಂದ್ಸಲ ಇಣುಕ್ತೀನಿ ಅಂತ ತೆಗೆದ್ರೆ ಹೋದ ಶಾಖ ವಾಪಸ್ ಬರೋಕೆ ಇಪ್ಪತ್ತು ನಿಮಿಷ ಬೇಕಾಗಬಹುದು, ಎರಡು ಸಲ ಇಣುಕಿದವರ ಡಂಪ್ಲಿಂಗ್ ಅಲ್ಲೇ ಕುಸಿದು ಕೂತಿರುತ್ತೆ. ಟೈಮರ್ ಹೊಡೆದ ಮೇಲೆ ನಡುವಿನ ಡಂಪ್ಲಿಂಗ್‌ಗೆ ಟೂತ್‌ಪಿಕ್ ಚುಚ್ಚಿ, ಅಂಚಿಂದಲ್ಲ, ಅಂಚು ಯಾವಾಗ್ಲೂ ಮೊದಲು ಬೇಯುತ್ತೆ. ಹಸಿ ಅಂಟಿದ್ರೆ ಇನ್ನೊಂದು ಹದಿನೈದು ನಿಮಿಷ. ಥರ್ಮಾಮೀಟರ್ ಇದ್ರೆ ಒಳಗೆ 93 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು.

ಟಿನ್‌ನಲ್ಲಿ ಬರೋ ಪೈ ಫಿಲ್ಲಿಂಗ್ (ಸಿಹಿ ಮಂದ ರಸದಲ್ಲಿರೋ ರೆಡಿ ಹಣ್ಣು) ಸುರಿದು ಶಾರ್ಟ್‌ಕಟ್ ಮಾಡೋರಿದ್ದಾರೆ, ಬೇಡ, ವಿಪರೀತ ಸಿಹಿ, ಮೊದಲೇ ಮಂದ ಇರೋದ್ರಿಂದ ಕುದಿಯೂ ಸರಿಯಾಗಿ ಬರಲ್ಲ. ಹಿಟ್ಟಿಗೆ ರೆಡಿ ಬಿಸ್ಕಟ್ ಮಿಕ್ಸ್ (ಬೇಕಿಂಗ್ ಪೌಡರ್ ಮೊದಲೇ ಬೆರೆಸಿರೋ ಹಿಟ್ಟಿನ ಪ್ಯಾಕೆಟ್) ಬಳಸಿದ್ರೆ ನನ್ನದೇನೂ ತಕರಾರಿಲ್ಲ.

ಆಫ್ ಮಾಡಿ ಮುಚ್ಚಳ ತೆಗೆದು ಹತ್ತು ನಿಮಿಷ ಬಿಡಿ, ರಸ ಇನ್ನಷ್ಟು ಮಂದ ಆಗುತ್ತೆ, ಆಮೇಲೆ ವೆನಿಲ್ಲಾ ಐಸ್‌ಕ್ರೀಂ ಜೊತೆ ಬಡಿಸಿ. ವಾರ್ಮ್ ಮೋಡಲ್ಲಿ ರಾತ್ರಿ ತನಕ ಇಡಬೇಡಿ, ಡಂಪ್ಲಿಂಗ್ ರಸ ಎಲ್ಲ ಹೀರಿ ಮುದ್ದೆಯಾಗುತ್ತೆ. ಮಿಕ್ಕಿದ್ರೆ ಡಂಪ್ಲಿಂಗ್ ಬೇರೆ, ಹಣ್ಣು ಬೇರೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಮತ್ತೆ ಪಾತ್ರೆ ಪೂರ್ತಿ ಆರಿದ ಮೇಲೇ ತೊಳೀರಿ, ಬಿಸಿ ಸೆರಾಮಿಕ್ ಮೇಲೆ ತಣ್ಣೀರು ಬಿದ್ರೆ ಸೀಳುತ್ತೆ.