ಇಡೀ ಮನೆಯನ್ನು ಒಟ್ಟಿಗೆ ಕೂರಿಸಿದ್ದು: ಎಂ.ಎಸ್ಸಿ. ಆದಮೇಲೆ ಕಲಿತದ್ದು

ದಾವಣಗೆರೆಯಲ್ಲಿ ಮನೆಮಂದಿಯನ್ನೆಲ್ಲ ಒಟ್ಟಿಗೆ ಕರೆಸಿ ಫ್ಯಾಮಿಲಿ ಥೆರಪಿ, ಅಂದರೆ ಕುಟುಂಬ ಚಿಕಿತ್ಸೆಯ ಸೆಷನ್ ಮಾಡುತ್ತೇನೆ ಅಂದಾಗ ನನ್ನ ಮನಃಶಾಸ್ತ್ರ ಎಂ.ಎಸ್ಸಿ. ಬ್ಯಾಚಿನವರು ನಕ್ಕಿದ್ದರು. ಗಂಡಸರು ಬರಲ್ಲ, ಸೊಸೆ ಬಾಯಿ ಬಿಡಲ್ಲ, ದುಡ್ಡಂತೂ ಯಾರೂ ಕೊಡಲ್ಲ ಅಂದರು. ಈಗ ಅವರೇ ನನಗೆ ಕೇಸು ಕಳಿಸುತ್ತಾರೆ.

ಈ ಚಿಕಿತ್ಸೆಯನ್ನು ಕಟ್ಟಿ ಬೆಳೆಸಿದ ಬೋವೆನ್, ಮಿನುಚಿನ್, ಮಿಲಾನ್ ತಂಡ ಎಲ್ಲರೂ ನಮಗೆ ಒಂದೇ ಯುನಿಟ್‌ನಲ್ಲಿ ಮುಗಿದಿದ್ದರು. ಜೀನೋಗ್ರಾಮ್, ಅಂದರೆ ತಲೆಮಾರುಗಳ ಸಂಬಂಧದ ನಕ್ಷೆ, ಬರೆದು ಒಳ್ಳೆ ಅಂಕ ತಗೊಂಡೆ. ಆದರೆ ಪೂರ್ತಿ ಕುಟುಂಬ ಒಂದೂ ನಮ್ಮೆದುರು ಬಂದು ಕೂತಿರಲಿಲ್ಲ. ನಿಮ್ಹಾನ್ಸ್‌ನಲ್ಲಿ ಎಂ.ಫಿಲ್. ಮಾಡಿದವರ ಮಾತು ಬೇರೆ. ಅಲ್ಲಿ ಕುಟುಂಬಗಳಿಗೇ ಅಂತ ಒಂದು ಕೇಂದ್ರವಿದೆ, ಮನೆಯವರನ್ನೂ ದಾಖಲು ಮಾಡಿಕೊಂಡು ನೋಡುತ್ತಾರೆ. ಸೀಟು ಸಿಗಬೇಕಿತ್ತಲ್ಲ!

ಮೊದಲ ವರ್ಷ ಬಾಡಿಗೆಯೇ ತಿಂಗಳಿಗೆ ಆರು ಸಾವಿರದ ಹತ್ತಿರ. ಬರುತ್ತಿದ್ದದ್ದು ಅದಕ್ಕೂ ಸಾಲದು. ಬಂದವರು ಒಂದು ಸಲ ಕೂಗಾಡಿ ಹೋದರೆ ಮತ್ತೆ ಮುಖ ತೋರಿಸುತ್ತಿರಲಿಲ್ಲ. ಫೀಸು ಕೊಟ್ಟ ಮಗರಾಯ "ನೀವು ಯಾರ ಕಡೆ ಮೇಡಂ?" ಅಂತ ಕೇಳುತ್ತಿದ್ದ. ಒಬ್ಬರ ಮನಸ್ಸಿನ ಬಗ್ಗೆ ಇನ್ನೊಬ್ಬರನ್ನು ಕೇಳುವ, ಪುಸ್ತಕದ ಸರ್ಕ್ಯುಲರ್ ಪ್ರಶ್ನೆಗಳೂ ಕೈಕೊಟ್ಟವು. "ಅತ್ತೆಗೆ ಬೇಜಾರಾದಾಗ ನಿಮ್ಮ ಯಜಮಾನರಿಗೆ ಏನನ್ನಿಸುತ್ತೆ?" ಅಂತ ಸೊಸೆಯನ್ನು ಅತ್ತೆಯ ಎದುರಿಗೇ ಕೇಳಿದರೆ ಅವಳು ಸೆರಗು ಸರಿಮಾಡಿಕೊಳ್ಳುತ್ತಾಳೆ, ಅಷ್ಟೇ.

ಅನಿಸಿಕೆ ಕೇಳುವುದನ್ನು ಬಿಟ್ಟೆ. ಊಟದ ವಿಷಯ ಕೇಳತೊಡಗಿದೆ. ಜಗಳ ಆದ ರಾತ್ರಿ ಯಾರು ಊಟ ಬಿಡುತ್ತಾರೆ? ಯಾರು ಎದ್ದು ಹೋಗಿ ಕರೆಯುತ್ತಾರೆ? ಯಾರು ಟಿ.ವಿ. ಸೌಂಡು ಜಾಸ್ತಿ ಮಾಡುತ್ತಾರೆ? ಇದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಇಬ್ಬರ ಜಗಳದಲ್ಲಿ ಮೂರನೆಯವರು ಸಿಕ್ಕಿಕೊಳ್ಳುವ ತ್ರಿಕೋನ ಯಾವುದು ಅಂತ ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

ಮಧ್ಯೆ ಕುರ್ಚಿಗಳ ಮೇಲೂ ಪ್ರಯೋಗ ನಡೆಯಿತು. ಸೋಫಾ ಇದ್ದರೆ ಹಿರಿಯರು ಅಲ್ಲೇ ಕೂತು ನ್ಯಾಯ ಹೇಳಲು ಶುರು ಮಾಡುತ್ತಿದ್ದರು. ಅದನ್ನು ತೆಗೆದು ಜಮಖಾನ ಹಾಸಿದೆ. ಅಜ್ಜಿಯರ ಮಂಡಿ ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ ಒಂದೇ ತರಹದ ಪ್ಲಾಸ್ಟಿಕ್ ಕುರ್ಚಿ.

ದುಡ್ಡು ಹೆಚ್ಚು ಹೋಗಿದ್ದು ಸೂಪರ್‌ವಿಷನ್‌ಗೆ, ಅಂದರೆ ನನ್ನ ಸೆಷನ್‌ಗಳನ್ನು ಅನುಭವಿಗಳಿಂದ ತಿದ್ದಿಸಿಕೊಳ್ಳುವುದಕ್ಕೆ. ಬೆಂಗಳೂರಿನ ಹಿರಿಯರೊಬ್ಬರು ವಿಡಿಯೋ ಕಾಲ್‌ನಲ್ಲಿ ಗಂಟೆಗೆ ಸುಮಾರು ಒಂದೂವರೆ ಸಾವಿರ ತಗೊಳ್ಳುತ್ತಿದ್ದರು. ಮನೆಯವರ ಒಪ್ಪಿಗೆ ಬರೆಸಿಕೊಂಡು ಆಡಿಯೋ ರೆಕಾರ್ಡ್ ಮಾಡಿ ಕೇಳಿಸುತ್ತಿದ್ದೆ. "ಇಲ್ಲಿ ನಿಲ್ಲಿಸು. ಮಾವ ಮಾತಾಡೋಕೆ ಹೊರಟಿದ್ದಾರೆ, ನೀನು ಅಡ್ಡ ಬಂದೆ" ಅನ್ನುತ್ತಿದ್ದರು. ಕಾಲೇಜಿನ ಫೀಸಿಗಿಂತ ಈ ದುಡ್ಡು ಉಪಯೋಗಕ್ಕೆ ಬಂತು ಅಂತ ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಈಗ ಒಂದೂವರೆ ಗಂಟೆಗೆ ಸಾವಿರದ ಇನ್ನೂರು. ಇಬ್ಬರು ಬರಲಿ, ಎಂಟು ಜನ ಬರಲಿ, ಅಷ್ಟೇ. ಹತ್ತು ಕುಟುಂಬದಲ್ಲಿ ಆರೇಳು ನಾಲ್ಕನೇ ಸೆಷನ್‌ವರೆಗೆ ನಿಲ್ಲುತ್ತವೆ. ಮುನಿಸಿಕೊಂಡ ಗಂಡಸರನ್ನು ಎರಡನೇ ಸಲ ಹೇಗೆ ಕರೆಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಮನಃಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳು ಬಂದು ಪಕ್ಕದಲ್ಲಿ ಕೂರಬಹುದು, ಕುಟುಂಬ ಒಪ್ಪಿದರೆ. ಶನಿವಾರ ಸಂಜೆ ಮಾತ್ರ ಬೇಡ. ಅವತ್ತು ಮನೆಯವರಿಗೇ ಕುರ್ಚಿ ಸಾಲುವುದಿಲ್ಲ.